‘ಸಿಗಲಿಲ್ಲ’ ನೋಟ್‌ಬುಕ್

2024ರ ಆಗಸ್ಟ್ 7ರ ನಸುಕಿನಲ್ಲಿ, ಗಂಟೆ ಒಂದರ ಸುಮಾರಿಗೆ, ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದು ಬಿತ್ತು. ನಮ್ಮ ಸದಾಶಿವಗಡಕ್ಕೂ ಆಚೆಯ ಕೋಡಿಬಾಗಕ್ಕೂ ನಡುವೆ ಇದ್ದ ಸೇತುವೆ. ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕ ಪುಣ್ಯಕ್ಕೆ ಬದುಕಿ ಬಂದ. ಪಕ್ಕದ ಹೊಸ ಸೇತುವೆ ಉಳಿದುಕೊಂಡಿತು. ಆದರೂ ಎಷ್ಟೋ ದಿನ ಚಿತ್ತಾಕುಲದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವಾಗ ಹೊಳೆಯ ನಡುವೆ ಬಂದಾಗ ಎಲ್ಲರ ಮಾತೂ ನಿಂತುಹೋಗುತ್ತಿತ್ತು.

ಆ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂತು. ಸೇತುವೆಯೇ ಇಲ್ಲದ ಕಾಲದಲ್ಲಿ ಈಚೆ ದಡದ ಮಕ್ಕಳು ಕಾಲೇಜಿಗೆ ಹೇಗೆ ಹೋಗುತ್ತಿದ್ದರು? ತಾರಿಯಲ್ಲಿ ದಾಟುತ್ತಿದ್ದೆವು ಎಂದು ಹಿರಿಯರು ಹೇಳುತ್ತಾರೆ. ಆದರೆ ನಮಗೆ ಮೂವರಿಗೂ ಒಟ್ಟಿಗೆ ನೆನಪಾದದ್ದು ಒಂದು ಬರಹ. ಯಾವುದೋ ಹಳೆಯ ಕಾಲೇಜು ವಾರ್ಷಿಕ ಸಂಚಿಕೆಯಲ್ಲಿ ನಮ್ಮ ಕಡೆಯ ಒಬ್ಬ ವಿದ್ಯಾರ್ಥಿ ಬರೆದದ್ದು. ಮಧ್ಯಾಹ್ನದ ಪ್ರಾಕ್ಟಿಕಲ್ ತಡವಾದರೆ ಸಂಜೆಯ ತಾರಿ ತಪ್ಪುತ್ತದೆ, ತಾರಿ ತಪ್ಪಿದರೆ ಕೋಡಿಬಾಗದ ನೆಂಟರ ಮನೆಯಲ್ಲಿ ಮಲಗಬೇಕು, ನೆಂಟರ ಮನೆಯವರ ಮುಖ ನೋಡಿ ಕೊನೆಗೆ ವಿಜ್ಞಾನ ಬಿಟ್ಟು ಕಲಾ ವಿಭಾಗ ಸೇರಿದೆ ಎಂದು ಆತ ಬರೆದಿದ್ದ. ಹಾಸ್ಯವಾಗಿ ಬರೆದಿದ್ದ. ಓದಿದಾಗ ನಾವೂ ನಕ್ಕಿದ್ದೆವು.

ಅದನ್ನು ಹುಡುಕಿ ಇಲ್ಲಿ ಹಾಕೋಣ ಅಂದುಕೊಂಡೆವು. ಅದು ಸಿಗಲಿಲ್ಲ. ಸಿಗದ ಕಥೆಯನ್ನು ಹೇಳಬೇಕಾದರೆ ಮೊದಲು ನಮ್ಮ ಲೈಬ್ರರಿ ಮೇಡಂ ಬಗ್ಗೆ ಹೇಳಬೇಕು.

ನಾವು ಮೂವರು, ಇಬ್ಬರು ಚಿತ್ತಾಕುಲದವರು, ಒಬ್ಬರು ಮಾಜಾಳಿ. 2018ರಲ್ಲಿ ಕಾರವಾರದ ಒಂದು ಕಾಲೇಜಿಗೆ ಡಿಗ್ರಿಗೆ ಸೇರಿದೆವು. ಮೊದಲ ವರ್ಷ ಲೈಬ್ರರಿ ಎಂದರೆ ನಮಗೆ ಒಂದು ಕಿಟಕಿ. ಕಿಟಕಿಯಲ್ಲಿ ಚೀಟಿ ಕೊಡಬೇಕು, ಚೀಟಿಯಲ್ಲಿ ಪುಸ್ತಕದ ನಂಬರ್ ಬರೆದಿರಬೇಕು. ಒಳಗೆ ಹೋಗಿ ನೋಡಲು ಬಿಡದೆ ನಂಬರ್ ಗೊತ್ತಾಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಹಿಂದಿನ ವರ್ಷದವರು ಬರೆದುಕೊಂಡಿದ್ದ ನಂಬರ್‌ಗಳನ್ನೇ ಕಾಪಿ ಹೊಡೆದು ಕೊಡುತ್ತಿದ್ದೆವು. ಹೀಗಾಗಿ ಇಡೀ ಕಾಲೇಜಿನಲ್ಲಿ ಓಡಾಡುತ್ತಿದ್ದದ್ದು ಅದೇ ಐವತ್ತು ಅರವತ್ತು ಪುಸ್ತಕ. ಉಳಿದವು ಕಪಾಟಿನೊಳಗೆ ಮಳೆಗಾಲದ ಶೀತಕ್ಕೆ ಬೂಸ್ಟು ಹಿಡಿಯುತ್ತಿದ್ದವು. ನಮ್ಮ ಕರಾವಳಿಯ ಆ ಬೂಸ್ಟಿನ ವಾಸನೆ ನಿಮಗೂ ಗೊತ್ತಿರುತ್ತದೆ.

ಎರಡನೇ ವರ್ಷ ಹೊಸ ಮೇಡಂ ಬಂದರು. ಕುಮಟಾ ಕಡೆಯವರು. ಚೀಟಿ ಕೊಟ್ಟರೆ ಅದನ್ನು ಮಗುಚಿ ಇಟ್ಟು ನಮ್ಮ ಮುಖ ನೋಡಿದರು.

“ನಂಬರ್ ಇರ್ಲಿ. ಎಂತಕ್ಕೆ ಬೇಕಾಗಿತ್ತು ಇದು?”

ನಮಗೆ ಗಾಬರಿ. ಏನೋ ತಪ್ಪು ಮಾಡಿದ್ದೇವೆ ಅನಿಸಿತು. “ಅಸೈನ್‌ಮೆಂಟ್ ಮೇಡಂ” ಅಂದೆವು. ಯಾವ ಅಸೈನ್‌ಮೆಂಟ್, ಯಾರು ಕೊಟ್ಟದ್ದು, ಎಷ್ಟು ಪುಟ ಎಂದೆಲ್ಲ ಕೇಳಿ, ನಾವು ಕೇಳಿದ ಪುಸ್ತಕ ಬಿಟ್ಟು ಬೇರೆ ಎರಡು ತಂದುಕೊಟ್ಟರು. ಅವರು ತಂದವೇ ಸರಿಯಾಗಿದ್ದವು. ಗ್ರಂಥಾಲಯ ವಿಜ್ಞಾನ ಓದುವವರಿಗೆ ಹೀಗೆ ಕೇಳುವುದನ್ನು ಪಾಠವಾಗಿಯೇ ಕಲಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಓದುಗ ಬಾಯಲ್ಲಿ ಕೇಳುವುದು ಒಂದು, ಅವನಿಗೆ ನಿಜವಾಗಿ ಬೇಕಿರುವುದು ಇನ್ನೊಂದು. ವೈದ್ಯರು ಹೊಟ್ಟೆನೋವು ಅಂದವನನ್ನು ನಿನ್ನೆ ಏನು ತಿಂದೆ ಎಂದು ಕೇಳುತ್ತಾರಲ್ಲ, ಹಾಗೆ.

ಒಂದು ತಿಂಗಳಲ್ಲಿ ಕಿಟಕಿ ಮುಚ್ಚಿತು, ಬಾಗಿಲು ತೆರೆಯಿತು. ನಾವೇ ಒಳಗೆ ಹೋಗಿ ಕಪಾಟು ತಡಕಾಡಬಹುದಾಯಿತು. ಪುಸ್ತಕ ಕಳುವಾಗುತ್ತವೆ ಎಂದು ಕೆಲವರು ಗೊಣಗಿದರು. ಒಂದೆರಡು ಹೋದವು ಕೂಡ, ಸುಳ್ಳು ಹೇಳುವುದಿಲ್ಲ. ಮೇಡಂ ಹೇಳುತ್ತಿದ್ದದ್ದು: ಕಳುವಾದ ಪುಸ್ತಕವನ್ನು ಒಬ್ಬನಾದರೂ ಓದುತ್ತಾನೆ, ಬೂಸ್ಟು ಹಿಡಿದದ್ದನ್ನು ಯಾರೂ ಓದುವುದಿಲ್ಲ.

ಇನ್ನೊಂದು ಬದಲಾವಣೆ ನಮ್ಮ ದಡದವರಿಗೆ ಸಂಬಂಧಿಸಿದ್ದು. ನಮ್ಮ ಬಸ್ಸು ಬೆಳಿಗ್ಗೆ ಎಂಟೂವರೆಗೆಲ್ಲ ತಲುಪುತ್ತಿತ್ತು, ಲೈಬ್ರರಿ ತೆರೆಯುತ್ತಿದ್ದದ್ದು ಹತ್ತಕ್ಕೆ. ಒಂದೂವರೆ ತಾಸು ಮೆಟ್ಟಿಲ ಮೇಲೆ ಕುಳಿತು ಹರಟೆ. ಸಂಜೆ ಪುಸ್ತಕ ತೆಗೆದುಕೊಳ್ಳಲು ನಿಂತರೆ ಬಸ್ಸು ತಪ್ಪುತ್ತದೆ. ಮೇಡಂ ಒಂದು ದಿನ ನಮ್ಮನ್ನು ಕರೆದು ಚಿತ್ತಾಕುಲ, ಅಸ್ನೋಟಿ, ಹಣಕೋಣ ಕಡೆಯ ಬಸ್ಸುಗಳ ಸಮಯ ಬರೆದುಕೊಂಡರು. ಮುಂದಿನ ಸೋಮವಾರದಿಂದ ಲೈಬ್ರರಿ ಎಂಟೂವರೆಗೆ ತೆರೆಯಿತು. ಅವರು ಬಾರದ ದಿನ ಅಟೆಂಡರ್ ಬಾಗಿಲು ತೆರೆಯುತ್ತಿದ್ದರು. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನುವ ಎಸ್. ಆರ್. ರಂಗನಾಥನ್ ಅವರ ಹೆಸರು ನಾವು ಕೇಳಿದ್ದು ಈ ಮೇಡಂ ಬಾಯಿಂದಲೇ. ಅವರು ಮೂಲತಃ ಗಣಿತದ ಮೇಷ್ಟ್ರು. 1917ರಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮ ಕರಾವಳಿಯ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ, ಸುಮ್ಮನೆ ಕುಳಿತು ಬೇಸರವಾಗುತ್ತದೆ, ಪಾಠಕ್ಕೇ ವಾಪಸ್ ಕಳಿಸಿ ಎಂದು ಕೇಳಿದ್ದರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿ ಬಂದ ಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಅವರ ಐದು ಸೂತ್ರಗಳ ಪುಸ್ತಕ ಬಂತು. ಪುಸ್ತಕ ಇರುವುದು ಬಳಸಲಿಕ್ಕೆ ಎನ್ನುವುದು ಮೊದಲನೆಯದು. ಓದುಗನ ಸಮಯ ಉಳಿಸು ಎನ್ನುವುದು ನಾಲ್ಕನೆಯದು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿಯೇ ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹುಟ್ಟುಹಬ್ಬ ಆಗಸ್ಟ್ 12 ಗ್ರಂಥಪಾಲಕರ ದಿನ. ನಾಲ್ಕನೇ ಸೂತ್ರ ಅಂದರೆ ನಮಗೆ ಈಗಲೂ ಎಂಟೂವರೆಯ ಬಸ್ಸು.

ಕಂಪ್ಯೂಟರ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕನ್ನಡ ಓದುವ ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಲೈಬ್ರರಿಯ ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಆದರೆ ‘ಕಾರಂತ’ ಎಂದು ಹುಡುಕಿದರೆ ಒಂದೂ ಬರುತ್ತಿರಲಿಲ್ಲ. ಶಿವರಾಮ ಕಾರಂತರ ಒಂದು ಪುಸ್ತಕವೂ ಇಲ್ಲದ ಕನ್ನಡ ಲೈಬ್ರರಿ ಇರುತ್ತದೆಯೇ? ಕಪಾಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಇದ್ದವು. ಆದದ್ದು ಇಷ್ಟು: ಒಬ್ಬರು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದರು, ಅದೂ ಮೂರು ಥರದ ಸ್ಪೆಲಿಂಗ್‌ನಲ್ಲಿ. ಇನ್ನೊಬ್ಬರು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದರು. ಕಣ್ಣಿಗೆ ಕನ್ನಡದಂತೆ ಕಂಡರೂ ಅದು ಕಂಪ್ಯೂಟರಿಗೆ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನೀವು ಫೋನಿನಲ್ಲಿ ಬಳಸುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಅಂದರೆ ಪುಸ್ತಕ ಇದೆ, ಪಟ್ಟಿಯೂ ಇದೆ, ನಡುವೆ ಸೇತುವೆ ಇಲ್ಲ.

ಮೇಡಂ ಪ್ರತಿ ಶನಿವಾರ ಮಧ್ಯಾಹ್ನ ಎರಡು ತಾಸು ನಮ್ಮನ್ನು ಕೂರಿಸಿಕೊಂಡರು. ಒಬ್ಬರು ಪುಸ್ತಕ ತೆರೆದು ಓದಿ ಹೇಳುವುದು, ಒಬ್ಬರು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು, ಇನ್ನೊಬ್ಬರು ತಪ್ಪು ನೋಡುವುದು. ಚಹಾ, ಬನ್ಸ್ ಅವರ ಲೆಕ್ಕ. ಹಾಗೆ ಟೈಪ್ ಮಾಡುತ್ತಾ ನಮಗೆ ಯಶವಂತ ಚಿತ್ತಾಲರು ನಮ್ಮದೇ ಜಿಲ್ಲೆಯ ಹನೇಹಳ್ಳಿಯವರು ಎಂದು ಗೊತ್ತಾಯಿತು. ದಿನಕರ ದೇಸಾಯಿ ಚುಟುಕು ಬರೆದವರು ಮಾತ್ರವಲ್ಲ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಹಳ್ಳಿಹಳ್ಳಿಗೆ ಹೈಸ್ಕೂಲು ತಂದವರು ಎಂದೂ ಗೊತ್ತಾಯಿತು. ಎಷ್ಟೋ ಮನೆಗಳಲ್ಲಿ ಮೊದಲು ಎಸ್‌ಎಸ್‌ಎಲ್‌ಸಿ ಓದಿದವರು ಆ ಶಾಲೆಗಳಲ್ಲೇ ಓದಿದ್ದು. ಇದನ್ನು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಇನ್ನು ನಮ್ಮ ಮಾನ ಹೋದ ಕಥೆ. ಪತ್ರಿಕೋದ್ಯಮ ವಿಭಾಗದ ಗೋಡೆಪತ್ರಿಕೆಗೆ ನಾವು ಕಾರವಾರದ ಟ್ಯಾಗೋರ್ ಕಡಲತೀರದ ಬಗ್ಗೆ ಬರೆದೆವು. ‘ಗುರುದೇವರು ಗೀತಾಂಜಲಿ ಬರೆದದ್ದು ಇದೇ ಮರಳಿನ ಮೇಲೆ ಕುಳಿತು’ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟೆವು. ಬಣ್ಣದ ಪೆನ್ನಿನಲ್ಲಿ. ಮಧ್ಯಾಹ್ನ ಮೇಡಂ ಬಂದು ಓದಿದರು.

“ಯಾರು ಹೇಳಿದ್ರು ಇದನ್ನ?”

“ಎಲ್ಲರೂ ಹೇಳ್ತಾರೆ ಮೇಡಂ.”

“ಎಲ್ಲರೂ ಅಂದ್ರೆ ಯಾರು? ಒಬ್ಬರ ಹೆಸರು ಹೇಳಿ ನೋಡ್ವ.”

ಹೇಳಲಾಗಲಿಲ್ಲ. ಅವರು ಬೈಯಲಿಲ್ಲ, ಲೈಬ್ರರಿಗೆ ಕರೆದುಕೊಂಡು ಹೋಗಿ ಟ್ಯಾಗೋರರ ಆತ್ಮಕಥೆಯ ಇಂಗ್ಲಿಷ್ ಅನುವಾದವನ್ನು ಕಂಪ್ಯೂಟರಿನಲ್ಲಿ ತೆರೆದು ಕೊಟ್ಟರು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪುಸ್ತಕ. ಕಾರವಾರದ ಅಧ್ಯಾಯ ಎರಡು ಮೂರು ಪುಟ. ಅವರು ಇಲ್ಲಿಗೆ ಬಂದದ್ದು 1883ರಲ್ಲಿ, ಇಪ್ಪತ್ತೆರಡರ ಹುಡುಗ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಇಲ್ಲಿ ಬರೆದದ್ದು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ. ಬಂಗಾಳಿ ಗೀತಾಂಜಲಿ ಬಂದದ್ದು 1910ರಲ್ಲಿ, ಇಪ್ಪತ್ತೇಳು ವರ್ಷ ಬಿಟ್ಟು.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇತ್ತು. ಒಂದು ಬೆಳದಿಂಗಳ ರಾತ್ರಿ ಅವರು ಸಣ್ಣ ದೋಣಿಯಲ್ಲಿ ಕಾಳಿ ಹೊಳೆಯ ಮೇಲೆ ಹೋಗುತ್ತಾರೆ. ಶಿವಾಜಿ ಕಾಲದ ಹಳೆಯ ಗುಡ್ಡದ ಕೋಟೆಯೊಂದರ ಹತ್ತಿರ ಇಳಿಯುತ್ತಾರೆ. ರೈತರೊಬ್ಬರ ಮನೆಯ ಗುಡಿಸಿದ ಅಂಗಳದಲ್ಲಿ ಕುಳಿತು ಊಟ ಮಾಡುತ್ತಾರೆ. ನಾವು ದಿನಾ ನೋಡುವ ಹೊಳೆ! ಕೋಟೆಯ ಹೆಸರು ಅವರು ಬರೆದಿಲ್ಲ. ನಮ್ಮ ಸದಾಶಿವಗಡವೇ ಎಂದು ಬರೆಯಲು ಕೈ ತುರಿಸಿತು. ಮೇಡಂ ಕಣ್ಣು ನೋಡಿ ಸುಮ್ಮನಾದೆವು. ಗೋಡೆಪತ್ರಿಕೆ ಕಿತ್ತು ಮತ್ತೆ ಬರೆದೆವು. ಸುಳ್ಳು ಗೀತಾಂಜಲಿಗಿಂತ ನಿಜವಾದ ಆ ಅಂಗಳ ಎಷ್ಟೋ ಚೆನ್ನಾಗಿತ್ತು, ಮೊದಲ ಸಲ ಹುಡುಗರು ನಿಂತು ಓದಿದರು.

ಅಂದಿನಿಂದ ಮೇಡಂ ನಮ್ಮ ಸರ್ ಜೊತೆ ಮಾತಾಡಿ ತರಗತಿಗೂ ಬರಲಾರಂಭಿಸಿದರು. ಪ್ರಾಜೆಕ್ಟ್ ಕೊಡುವ ದಿನ ಒಂದು ಪೀರಿಯಡ್ ಅವರದು. ಒಂದೇ ಪ್ರಶ್ನೆಗೆ ಮೂರು ಕಡೆಯ ಉತ್ತರ ತನ್ನಿ ಎನ್ನುತ್ತಿದ್ದರು: ಒಂದು ಮುದ್ರಿತ ಪುಸ್ತಕದಿಂದ, ಒಂದು ನೆಟ್‌ನಿಂದ, ಒಂದು ಮನುಷ್ಯರ ಬಾಯಿಂದ. ‘ಕಾಳಿ ನದಿಗೆ ಅಣೆಕಟ್ಟು ಎಷ್ಟು?’ ಎಂಬ ಪ್ರಶ್ನೆಗೆ ಇಡೀ ತರಗತಿಯಲ್ಲಿ ನಾಲ್ಕು, ಐದು, ಆರು ಎಂದು ಮೂರು ಉತ್ತರ ಬಂದವು. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಮಾತ್ರ ಎಣಿಸಿದವರು ನಾಲ್ಕು ಅಂದಿದ್ದರು, ಉಪನದಿಗಳ ಮೇಲಿನ ತಟ್ಟಿಹಳ್ಳ, ಕಾನೇರಿ ಸೇರಿಸಿದವರು ಹೆಚ್ಚು ಅಂದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಎಣಿಸಿದ್ದು ಬೇರೆ ಬೇರೆ. ನಾವು ಇವತ್ತು ವರದಿ ಬರೆಯುವಾಗ ಅಂಕಿ ಕಂಡರೆ ‘ಏನನ್ನು ಎಣಿಸಿದ್ದು?’ ಎಂದು ಕೇಳುವ ಅಭ್ಯಾಸ ಆ ಪೀರಿಯಡ್‌ನಿಂದ ಬಂದದ್ದು.

ಈಗ ನೋಟ್‌ಬುಕ್. ಮೇಡಂ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ದಾರದಲ್ಲಿ ಕಟ್ಟಿ ಇಟ್ಟಿದ್ದರು. ರಟ್ಟಿನ ಮೇಲೆ ದೊಡ್ಡದಾಗಿ ‘ಸಿಗಲಿಲ್ಲ’ ಎಂದು ಬರೆದಿತ್ತು. ನೀವು ಹುಡುಕಿ ಸಿಗದ್ದನ್ನು ಅದರಲ್ಲಿ ಬರೆಯಬೇಕು. ಹೆಸರು ಬೇಡ, ತಾರೀಕು ಸಾಕು.

ಎಂಥೆಂಥದನ್ನು ಬರೆದಿದ್ದರು! ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಯ ಕನ್ನಡ ಪುಸ್ತಕ. ಕನ್ನಡ ಲಿಪಿಯಲ್ಲಿರುವ ಕೊಂಕಣಿ ಕಥೆಗಳು. ಮೀನು ಕೆಡದಂತೆ ಇಡುವುದು ಹೇಗೆ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟವರ ಬಗ್ಗೆ ಏನಾದರೂ. ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಕನ್ನಡದಲ್ಲಿ. ಈ ಕೊನೆಯದನ್ನು ಕಿಟಕಿಯಲ್ಲಿ ನಿಂತು ಯಾವ ಹುಡುಗಿ ಕೇಳುತ್ತಿದ್ದಳು ಹೇಳಿ.

ಅದುವರೆಗೆ ಪುಸ್ತಕ ಖರೀದಿ ಎಂದರೆ ಮಾರ್ಚ್ ತಿಂಗಳ ಗಡಿಬಿಡಿ. ಅನುದಾನ ವಾಪಸ್ ಹೋಗುತ್ತದೆ ಎಂದು ಏಜೆಂಟ್ ತಂದ ಪಟ್ಟಿಗೆ ಟಿಕ್ ಹಾಕುವುದು. ಒಂದೇ ಗೈಡಿನ ಮೂವತ್ತು ಪ್ರತಿ. ಮೇಡಂ ಆ ವರ್ಷ ನೋಟ್‌ಬುಕ್ಕನ್ನೇ ಲೈಬ್ರರಿ ಸಮಿತಿಯ ಮುಂದೆ ಇಟ್ಟರಂತೆ. ಎಲ್ಲ ಬಂದವು ಎಂದಲ್ಲ. ಆದರೆ ಅಂಕೋಲಾದ ಅಂಬಾರಕೊಡ್ಲದ ರಾಘವೇಂದ್ರ ಪ್ರಕಾಶನದಂಥ ನಮ್ಮ ಜಿಲ್ಲೆಯ ಪ್ರಕಾಶಕರ ಪುಸ್ತಕಗಳು ಮೊದಲ ಸಲ ಕಪಾಟಿಗೆ ಬಂದದ್ದು ಆಗ. ಅಂಥ ಪುಸ್ತಕ ಏಜೆಂಟರ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ. ನಮ್ಮ ನಂತರದವರ ಕಾಲದಲ್ಲಿ, 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಅದು ಮತ್ತೆ ಬದಲಾಯಿತು. ಆಗ ಅವಸರಕ್ಕೆ ಕೊಂಡ ಪಠ್ಯಪುಸ್ತಕಗಳು ಮೂರೇ ವರ್ಷಕ್ಕೆ ಹಳತಾದವು. ನೋಟ್‌ಬುಕ್ ನೋಡಿ ಕೊಂಡವು ಹಳತಾಗಿಲ್ಲ.

‘ನಮ್ಮೂರು’ ಎಂಬ ಕಪಾಟು ಹುಟ್ಟಿದ್ದೂ ಈ ನೋಟ್‌ಬುಕ್ಕಿನಿಂದ. ‘ನಮ್ಮ ಊರಿನ ಇತಿಹಾಸ’ ಎಂದು ಹತ್ತಾರು ಜನ ಬರೆದಿದ್ದರು, ಕೊಡಲು ಏನೂ ಇರಲಿಲ್ಲ. ಮೇಡಂ ಮೊದಲು 1883ರ ಬಾಂಬೆ ಗೆಜೆಟಿಯರ್‌ನ ಕೆನರಾ ಸಂಪುಟವನ್ನು ಡೌನ್‌ಲೋಡ್ ಮಾಡಿ ಬೇಕಾದ ಪುಟಗಳನ್ನು ಮುದ್ರಿಸಿ ಇಟ್ಟರು. ಅದೂ ಪುಕ್ಕಟೆ ಸಿಗುತ್ತದೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ನೀವೂ ನೋಡಬಹುದು. ಆಮೇಲೆ ನಮಗೆಲ್ಲ ಮನೆಯಲ್ಲಿ ಹುಡುಕಲು ಹೇಳಿದರು. ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಸೊಸೈಟಿಯ ಹಳೆಯ ವರದಿ, ಏನಾದರೂ.

ಅಷ್ಟರಲ್ಲಿ ಕಾಲೇಜಿಗೆ ಪರಿಶೀಲನಾ ತಂಡ ಬರುವ ಸುದ್ದಿ ಬಂತು. ಎಲ್ಲ ಕಡೆ ಸುಣ್ಣ ಬಣ್ಣ. ಲೈಬ್ರರಿಯ ಹಿಂದಿನ ಕೋಣೆಯಲ್ಲಿದ್ದ ಹಳೆಯ ಪೇಪರು, ಸಂಚಿಕೆಗಳನ್ನು ರದ್ದಿಗೆ ಹಾಕಿ ಜಾಗ ಖಾಲಿ ಮಾಡಿ ಎಂದು ಅಪ್ಪಣೆಯಾಯಿತು. ಪೇಪರಿನ ಕಟ್ಟುಗಳು ಹೋಗಿಯೇ ಹೋದವು, ಟೆಂಪೋದಲ್ಲಿ. ಕಿಲೋ ಲೆಕ್ಕ. ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳನ್ನು ಮಾತ್ರ ಮೇಡಂ ಬಿಡಲಿಲ್ಲ. ನಾವು ಮೂವರು ಸೇರಿ ಎರಡು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ‘ನಮ್ಮೂರು’ ಕಪಾಟಿನ ಕೆಳಗಿನ ಖಾನೆಗೆ ತಳ್ಳಿದೆವು. ತುಂಬುವಾಗ ಅಲ್ಲೇ ನೆಲದ ಮೇಲೆ ಕುಳಿತು ಓದಿದ್ದು ಆ ತಾರಿ ತಪ್ಪಿದ ಹುಡುಗನ ಬರಹ. ಆತನೂ ಮೆಟ್ಟಿಲ ಮೇಲೆ ಕಾಯುತ್ತಿದ್ದನಂತೆ, ಲೈಬ್ರರಿ ತೆರೆಯುವ ಮುನ್ನ. ಮೇಡಂ ಅದನ್ನು ಎರಡು ಸಲ ಓದಿಸಿದರು.

2020ರಲ್ಲಿ ಕೊರೊನಾ ಬಂತು. ಲೈಬ್ರರಿ ಮುಚ್ಚಿತು, ಮೇಡಂ ಫೋನು ಮುಚ್ಚಲಿಲ್ಲ. ಎನ್-ಲಿಸ್ಟ್ ಎಂಬ ವ್ಯವಸ್ಥೆಯಲ್ಲಿ ಕಾಲೇಜು ವರ್ಷಕ್ಕೆ ಸಣ್ಣ ಶುಲ್ಕ ಕಟ್ಟಿದರೆ ವಿದ್ಯಾರ್ಥಿಗಳಿಗೆ ಸಾವಿರಾರು ಪತ್ರಿಕೆ, ಇ-ಪುಸ್ತಕ ಮನೆಯಲ್ಲೇ ಸಿಗುತ್ತಿದ್ದವು. ಶುಲ್ಕವನ್ನು ಕಾಲೇಜು ಮೊದಲಿನಿಂದ ಕಟ್ಟುತ್ತಲೇ ಇತ್ತು, ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ! ಮೇಡಂ ಅರ್ಧ ಪುಟದ ಕನ್ನಡ ಸೂಚನೆ ಬರೆದು, ಜೊತೆಗೆ ಧ್ವನಿ ಸಂದೇಶವನ್ನೂ ಕಳಿಸಿದರು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕುಳಿತು ನಾವು ಕೇಳಿದ ಮೊದಲ ಪಾಠ ಅದು.

ಈಗ ಅದಕ್ಕಿಂತ ದೊಡ್ಡದು ಬಂದಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿ, 2025ರ ಜನವರಿಯಿಂದ ಶುರುವಾದದ್ದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ. ಒಳ್ಳೆಯದೇ. ಆದರೆ ಆ ಹದಿಮೂರು ಸಾವಿರದಲ್ಲಿ ಯಾವುದನ್ನು ಎಂತಕ್ಕೆ ತೆರೆಯಬೇಕು ಎಂದು ನಮ್ಮ ಮುಖ ನೋಡಿ ಕೇಳುವವರು ಬೇಕಲ್ಲ. ಆಮ್‌ಸ್ಟರ್‌ಡ್ಯಾಮಿನ ಪತ್ರಿಕೆ ದುಡ್ಡು ಕಟ್ಟಿದರೆ ಇಲ್ಲಿಗೂ ಬರುತ್ತದೆ. ಚಿತ್ತಾಕುಲದ ಹುಡುಗನ ತಾರಿ ಇರುವುದು ಒಂದೇ ಪೆಟ್ಟಿಗೆಯಲ್ಲಿ.

ಕಳೆದ ತಿಂಗಳು ಆ ಪೆಟ್ಟಿಗೆ ಹುಡುಕಿಕೊಂಡು ಹೋದೆವು. ಮೇಡಂ ನಿವೃತ್ತರಾಗಿದ್ದಾರೆ, ಜಾಗಕ್ಕೆ ಯಾರೂ ಬಂದಿಲ್ಲ. ಲೆಕ್ಚರರ್ ಒಬ್ಬರಿಗೆ ಹೆಚ್ಚುವರಿ ಜವಾಬ್ದಾರಿ. ಪಾಪ, ಅವರಿಗೆ ತಮ್ಮ ತರಗತಿಗಳೇ ವಾರಕ್ಕೆ ಹದಿನೆಂಟು. ಬೆಳಿಗ್ಗೆ ಎಂಟೂವರೆಗೆ ಮೆಟ್ಟಿಲ ಮೇಲೆ ಆರು ಹುಡುಗಿಯರು ಕುಳಿತಿದ್ದರು, ಬಾಗಿಲಿಗೆ ಬೀಗ. ಹನ್ನೊಂದಕ್ಕೆ ಬಾಗಿಲು ತೆರೆಯಿತು. ‘ನಮ್ಮೂರು’ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಅಟೆಂಡರ್‌ಗೆ ಗೊತ್ತಿಲ್ಲ. ಗಾಜಿನಿಂದ ಇಣುಕಿ ನೋಡಿದೆವು, ಕೆಳಗಿನ ಖಾನೆ ಕಾಣುವುದಿಲ್ಲ. ನೋಟ್‌ಬುಕ್ ಮಾತ್ರ ಮೇಜಿನ ಮೇಲೆ ದಾರಕ್ಕೆ ಹಾಗೇ ಇತ್ತು. ಕೊನೆಯ ಬರಹಕ್ಕೆ ಎಂಟು ತಿಂಗಳಾಗಿತ್ತು.

ಮೇಡಂಗೆ ಫೋನ್ ಮಾಡಿದೆವು. “ಬೀಗದ ಕೈ ಆಫೀಸಿಗೆ ಕೊಟ್ಟೇ ಬಂದಿದ್ದೆ. ಚಾರ್ಜ್ ಕೊಟ್ಟ ಪಟ್ಟಿಯಲ್ಲಿ ಅದನ್ನೂ ಬರೆದಿದ್ದೇನೆ, ನೋಡಿ” ಅಂದರು. ಆಮೇಲೆ ಸ್ವಲ್ಪ ತಡೆದು, “ಮಳೆಗಾಲಕ್ಕೆ ಮುಂಚೆ ಒಂದು ಸಲ ಬಿಸಿಲಿಗೆ ಹಾಕಿಸ್ರೋ ಅದನ್ನ” ಅಂದರು.

ಸರ್ ಶನಿವಾರ ಮಧ್ಯಾಹ್ನ ಬರಲು ಹೇಳಿದ್ದಾರೆ, ಆಫೀಸಿನಲ್ಲಿ ಪಟ್ಟಿ ಹುಡುಕಿಸುತ್ತಾರಂತೆ. ನಾವು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ‘ಹಳೆಯ ವಾರ್ಷಿಕ ಸಂಚಿಕೆ, ತಾರಿ ತಪ್ಪಿದವನ ಬರಹ’ ಎಂದು ಬರೆದು ಬಂದೆವು. ಪೆಟ್ಟಿಗೆ ಸಿಕ್ಕರೆ ಬರಹವನ್ನು ಇಲ್ಲೇ ಹಾಕುತ್ತೇವೆ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥ ಸಂಚಿಕೆ, ಕರಪತ್ರ ಏನಾದರೂ ಇದ್ದರೆ ರದ್ದಿಯವನಿಗೆ ಕೊಡುವ ಮುಂಚೆ ನಮಗೊಂದು ಫೋಟೋ ಕಳಿಸಿ.